ವಿಮೆ ಹಾಸಿಗೆಗೆ ಇದೆ, ಮಾತ್ರೆಗೆ ಇಲ್ಲ: ತಿಂಗಳ ಔಷಧಿ ಬಿಲ್ ಯಾಕೆ ಇಳಿಯುತ್ತಿಲ್ಲ?

2025ರಲ್ಲಿ ಔಷಧಿ ಖರ್ಚಿನ ಬಗ್ಗೆ ಎರಡು ದೊಡ್ಡ ಸುದ್ದಿ ಬಂದವು. ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ, ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು, ಅಂದರೆ ಕೇಂದ್ರ ಸರ್ಕಾರದ ಯೋಜನೆಯ ಅಗ್ಗದ ಔಷಧಿ ಅಂಗಡಿಗಳನ್ನು, ಮುಚ್ಚಿಸಲು ಆದೇಶ ಹೊರಡಿಸಿತು. ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಕ್ಯಾನ್ಸರ್ ಮತ್ತು ಅಪರೂಪದ ಕಾಯಿಲೆಗಳ ಕೆಲವು ಔಷಧಿಗಳಿಗೆ ತೆರಿಗೆಯೇ ಇಲ್ಲದಂತಾಯಿತು. ಅದೇ ದಿನದಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18 ತೆರಿಗೆಯೂ ಪೂರ್ತಿ ಹೋಯಿತು.

ಒಂದು ಸುದ್ದಿ ಕೇಳಿದರೆ ಔಷಧಿ ಅಗ್ಗ ಆಗಬೇಕು, ಇನ್ನೊಂದು ಕೇಳಿದರೆ ದುಬಾರಿ ಆಗಬೇಕು. ಆದರೆ ಬಿಪಿ, ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್ ಅಂತ ದಿನವೂ ಮಾತ್ರೆ ನುಂಗುವ ಬಹಳ ಮನೆಗಳಲ್ಲಿ ತಿಂಗಳ ಬಿಲ್ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ವಿಮೆ ಇದ್ದವರ ಕಥೆಯೂ ಅಷ್ಟೇ. ಇದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ತೆರಿಗೆ, ವಿಮೆ, ಬೆಲೆ ನಿಯಂತ್ರಣ ಮತ್ತು ಡಾಕ್ಟರ್ ಬರೆಯುವ ಚೀಟಿ, ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಇವುಗಳಲ್ಲಿ ಬಿಲ್ಲಿನ ಮೇಲೆ ಅತಿ ಜಾಸ್ತಿ ಪರಿಣಾಮ ಬೀರುವುದು ಚೀಟಿ. ಸುದ್ದಿಯಲ್ಲಿ ಅತಿ ಕಡಿಮೆ ಚರ್ಚೆಯಾಗುವುದೂ ಅದೇ.

ತೆರಿಗೆ ಇಳಿದದ್ದು ನಿಜ, ಆದರೆ ಎಷ್ಟು?

ಮೊದಲು ಲೆಕ್ಕ ಮಾಡಿ ಮುಗಿಸೋಣ. ಔಷಧಿಯ ಎಂಆರ್‌ಪಿಯಲ್ಲಿ ತೆರಿಗೆಯೂ ಸೇರಿರುತ್ತದೆ. 112 ರೂಪಾಯಿ ಎಂಆರ್‌ಪಿ ಇದ್ದ ಸ್ಟ್ರಿಪ್‌ನಲ್ಲಿ 100 ರೂಪಾಯಿ ಔಷಧಿಯ ಬೆಲೆ, 12 ರೂಪಾಯಿ ತೆರಿಗೆ. ಈಗ ಅದು 105 ಆಗಬೇಕು. ಅಂದರೆ 112ಕ್ಕೆ 7 ರೂಪಾಯಿ ಇಳಿತ, ಸುಮಾರು ಶೇ 6. ತಿಂಗಳಿಗೆ 2,240 ರೂಪಾಯಿ ಔಷಧಿ ತರುತ್ತಿದ್ದವರಿಗೆ 140 ರೂಪಾಯಿ ಉಳಿತಾಯ. ಕಡಿಮೆ ಅಂತ ತಳ್ಳಿಹಾಕುವ ಹಣವಲ್ಲ, ಆದರೆ ಬಿಲ್ಲಿನ ಭಾರ ಇಳಿಸುವ ಹಣವೂ ಅಲ್ಲ.

ಇಲ್ಲೇ ಇನ್ನೊಂದು ಗೊಂದಲ ಹುಟ್ಟಿತು. ಅಂಗಡಿಗಳಲ್ಲಿ ಆಗಲೇ ಇದ್ದ ಹಳೇ ಸ್ಟಾಕನ್ನು ವಾಪಸ್ ಕರೆಸಿ ಹೊಸ ಲೇಬಲ್ ಅಂಟಿಸಬೇಕು ಅಂತ ಸರ್ಕಾರ ಕಡ್ಡಾಯ ಮಾಡಲಿಲ್ಲ. ಕಂಪನಿಗಳು ಪರಿಷ್ಕೃತ ಬೆಲೆಪಟ್ಟಿ ಕಳಿಸಬೇಕು, ಅಂಗಡಿಯವರು ಅದರಂತೆ ಮಾರಬೇಕು ಅನ್ನುವುದು ವ್ಯವಸ್ಥೆ. ಹಾಗಾಗಿ ಸ್ಟ್ರಿಪ್ ಮೇಲೆ ಹಳೇ ಎಂಆರ್‌ಪಿ ಇದ್ದರೂ ಬಿಲ್ಲಿನಲ್ಲಿ ಕಡಿಮೆ ಬೆಲೆ ಬರಬೇಕಿತ್ತು. ಬಿಲ್ ಕೇಳದೆ, ಸ್ಟ್ರಿಪ್ ಮೇಲಿನ ಬೆಲೆ ನೋಡಿ ಹಣ ಕೊಟ್ಟು ಬಂದವರಿಗೆ ಆ ಇಳಿತ ಸಿಕ್ಕಿತೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ.

ವಿಮೆ ಯಾಕೆ ಮಾತ್ರೆಗೆ ಹಣ ಕೊಡುವುದಿಲ್ಲ?

ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಆರೋಗ್ಯ ವಿಮೆ ಮೂಲತಃ ಆಸ್ಪತ್ರೆ ದಾಖಲಾತಿಯ ವಿಮೆ. ಸಾಮಾನ್ಯವಾಗಿ 24 ಗಂಟೆ ಅಡ್ಮಿಟ್ ಆಗಿರಬೇಕು, ಇಲ್ಲವೇ ಕಣ್ಣಿನ ಪೊರೆ ಆಪರೇಷನ್, ಡಯಾಲಿಸಿಸ್‌ನಂಥ ಡೇ ಕೇರ್ ಚಿಕಿತ್ಸೆ ಆಗಿರಬೇಕು. ಕ್ಲಿನಿಕ್‌ಗೆ ಹೋಗಿ ತೋರಿಸಿಕೊಂಡು, ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದರೆ ಆ ಖರ್ಚು ಹೊರರೋಗಿ ಖರ್ಚು. ಪಾಲಿಸಿಗೆ ಅದು ಸಂಬಂಧವಿಲ್ಲ.

ಇದರ ಹಿಂದೆ ವಿಮೆ ಕಂಪನಿಗಳ ಒಂದು ತರ್ಕ ಇದೆ. ವಿಮೆ ನಡೆಯುವುದು ಆಗಬಹುದು, ಆಗದೆಯೂ ಇರಬಹುದು ಅನ್ನುವ ಖರ್ಚಿನ ಮೇಲೆ. ನೂರು ಜನ ಕಂತು ಕಟ್ಟುತ್ತಾರೆ, ಅವರಲ್ಲಿ ಕೆಲವರಿಗೆ ಮಾತ್ರ ಆಪರೇಷನ್ ಆಗುತ್ತದೆ, ಎಲ್ಲರ ಕಂತಿನಿಂದ ಅವರ ಬಿಲ್ ತೀರುತ್ತದೆ. ಶುಗರ್ ಮಾತ್ರೆ ಹಾಗಲ್ಲ. ಅದು ತಿಂಗಳು ತಿಂಗಳು ಬರುವುದು ಖಚಿತ. ಖಚಿತವಾದ ಖರ್ಚಿಗೆ ವಿಮೆ ಕೊಟ್ಟರೆ ಆ ಖರ್ಚಿನಷ್ಟೂ ಹಣವನ್ನು ಕಂತಿನಲ್ಲೇ ವಸೂಲಿ ಮಾಡಬೇಕಾಗುತ್ತದೆ. ಒಪಿಡಿ (ಹೊರರೋಗಿ) ರಕ್ಷಣೆ ಇರುವ ಪಾಲಿಸಿಗಳಲ್ಲಿ ಕಂತು ಜಾಸ್ತಿ, ಕೊಡುವ ಮೊತ್ತಕ್ಕೆ ಮಿತಿ ಕಡಿಮೆ ಇರುವುದು ಇದೇ ಕಾರಣಕ್ಕೆ. ಅಂಥ ಹೆಚ್ಚುವರಿ ರಕ್ಷಣೆ (ರೈಡರ್) ತೆಗೆದುಕೊಳ್ಳುವ ಮೊದಲು ಹೆಚ್ಚುವರಿ ಕಂತು ಎಷ್ಟು, ವರ್ಷಕ್ಕೆ ಸಿಗುವ ಔಷಧಿ ಮೊತ್ತ ಎಷ್ಟು ಅಂತ ಎರಡನ್ನೂ ಪಕ್ಕಪಕ್ಕ ಬರೆದು ನೋಡಬೇಕು. ಎಷ್ಟೋ ಸಲ ಉಳಿಯುವುದು ಏನೂ ಇರುವುದಿಲ್ಲ.

ತರ್ಕ ಸರಿಯೇ ಇರಬಹುದು. ಆದರೆ ಅದರ ಪರಿಣಾಮ ಒಳ್ಳೆಯದಲ್ಲ. ಬಿಪಿ ಮಾತ್ರೆ ದುಬಾರಿ ಅಂತ ಒಬ್ಬರು ಅದನ್ನು ನಿಲ್ಲಿಸಿದರೆ ವಿಮೆ ಕೇಳುವುದಿಲ್ಲ. ಆಮೇಲೆ ಪಾರ್ಶ್ವವಾಯು ಹೊಡೆದು ಐಸಿಯು ಸೇರಿದರೆ ಅದೇ ವಿಮೆ ಲಕ್ಷಗಟ್ಟಲೆ ಕಟ್ಟುತ್ತದೆ. ಕಾಯಿಲೆ ತಡೆಯುವ ಖರ್ಚು ಮನೆಯವರ ಮೇಲೆ, ಕಾಯಿಲೆ ಕೈಮೀರಿದ ಮೇಲಿನ ಖರ್ಚು ವಿಮೆಯ ಮೇಲೆ. ಆ ಹೊತ್ತಿಗೆ ಮನುಷ್ಯನ ಒಂದು ಕಡೆಯ ಕೈಕಾಲು ಹೋಗಿರುತ್ತದೆ.

ಸರ್ಕಾರಿ ಯೋಜನೆಯೂ ಇದೇ ಅಚ್ಚಿನದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆ ಚಿಕಿತ್ಸೆಗೆ. ಕೇಂದ್ರದ ಯೋಜನೆಯ ನಿಯಮದಂತೆ ದಾಖಲಾಗುವ ಮೊದಲಿನ 3 ದಿನ ಮತ್ತು ಬಿಡುಗಡೆಯಾದ ನಂತರದ 15 ದಿನದ ಔಷಧಿ ಸೇರುತ್ತದೆ. ಹದಿನಾರನೇ ದಿನದಿಂದ ಸ್ವಂತ ಜೇಬು. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇ 39.4 ಜನರೇ ಕೈಯಿಂದ ಕೊಟ್ಟದ್ದು. 2013–14ರಲ್ಲಿ ಇದು ಶೇ 64.2 ಇತ್ತು. ಸುಧಾರಣೆ ದೊಡ್ಡದೇ, ಆದರೆ ಉಳಿದಿರುವ ಭಾರವೂ ದೊಡ್ಡದು.

ಖಾಸಗಿ ಪಾಲಿಸಿ ಇದ್ದವರು ಕೈಬಿಡುವ ಒಂದು ಹಣ ಇದೆ. ಹೆಚ್ಚಿನ ಪಾಲಿಸಿಗಳಲ್ಲಿ ಅಡ್ಮಿಟ್ ಆಗುವ ಮೊದಲಿನ 30 ದಿನ ಮತ್ತು ಬಿಡುಗಡೆಯ ನಂತರದ 60 ದಿನ, ಕೆಲವದರಲ್ಲಿ ಇನ್ನೂ ಜಾಸ್ತಿ ದಿನ, ಅದೇ ಕಾಯಿಲೆಗೆ ಸಂಬಂಧಿಸಿದ ಔಷಧಿ ಮತ್ತು ಪರೀಕ್ಷೆಗೆ ಹಣ ಸಿಗುತ್ತದೆ. ಆಸ್ಪತ್ರೆ ಬಿಲ್ ಕ್ಯಾಶ್‌ಲೆಸ್ ಆಗಿ ತೀರಿತು ಅಂತ ಜನ ಸುಮ್ಮನಾಗುತ್ತಾರೆ, ಮನೆಗೆ ಬಂದ ಮೇಲಿನ ಎರಡು ತಿಂಗಳ ಔಷಧಿ ಬಿಲ್ ಎಲ್ಲೋ ಕಳೆದುಹೋಗುತ್ತದೆ. ಚೀಟಿ ಮತ್ತು ಬಿಲ್ ಎರಡನ್ನೂ ಸೇರಿಸಿ ಪಿನ್ ಹಾಕಿ ಇಟ್ಟುಕೊಂಡವರಿಗೆ ಮಾತ್ರ ಆ ಕ್ಲೇಮ್ ಸಿಗುವುದು.

ಬೆಲೆ ನಿಯಂತ್ರಣ ಇದೆಯಲ್ಲ, ಮತ್ತೆ ಯಾಕೆ ದುಬಾರಿ?

ಔಷಧಿ ಬೆಲೆಗೆ ಕಡಿವಾಣ ಹಾಕುವುದು ಎನ್‌ಪಿಪಿಎ, ಅಂದರೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ. ಇದು 1997ರಿಂದ ಇದೆ. ಈಗ ಜಾರಿಯಲ್ಲಿರುವುದು 2013ರ ಔಷಧ ಬೆಲೆ ನಿಯಂತ್ರಣ ಆದೇಶ. ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿ, 2022ರ ಪರಿಷ್ಕರಣೆಯಂತೆ, 384 ಔಷಧಿಗಳಿವೆ. ಇವುಗಳಿಗೆ ಗರಿಷ್ಠ ಬೆಲೆ ನಿಗದಿಯಾಗುತ್ತದೆ.

ಆ ಗರಿಷ್ಠ ಬೆಲೆ ಹೇಗೆ ಬರುತ್ತದೆ ಅನ್ನುವುದು ಮುಖ್ಯ. ಮೊದಲು ತಯಾರಿಕೆಯ ಖರ್ಚು ನೋಡಿ ಬೆಲೆ ಕಟ್ಟುತ್ತಿದ್ದರು. 2013ರ ನಂತರ ಮಾರುಕಟ್ಟೆ ನೋಡಿ ಕಟ್ಟುತ್ತಾರೆ. ಮಾರುಕಟ್ಟೆಯಲ್ಲಿ ಶೇ 1ಕ್ಕಿಂತ ಕಡಿಮೆಯಿಲ್ಲದ ಪಾಲು ಇರುವ ಎಲ್ಲ ಬ್ರ್ಯಾಂಡ್‌ಗಳು ಅಂಗಡಿಯವರಿಗೆ ಕೊಡುವ ಬೆಲೆಯ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವರ ಶೇ 16 ಲಾಭ ಸೇರಿಸುತ್ತಾರೆ. ಚೆನ್ನಾಗಿ ಮಾರಾಟವಾಗುವ ಬ್ರ್ಯಾಂಡ್‌ಗಳೇ ದುಬಾರಿಯಾಗಿದ್ದರೆ ಸರಾಸರಿಯೂ ಮೇಲೆ ಹೋಗುತ್ತದೆ. ಹಾಗಾಗಿ ‘ಬೆಲೆ ನಿಯಂತ್ರಣದಲ್ಲಿದೆ’ ಅಂದರೆ ‘ಅಗ್ಗವಾಗಿದೆ’ ಅಂತ ಅರ್ಥ ಅಲ್ಲ. ಇದಕ್ಕಿಂತ ಮೇಲೆ ಹೋಗುವಂತಿಲ್ಲ ಅಂತ ಅಷ್ಟೇ.

ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕ ನೋಡಿ ಈ ಬೆಲೆಗಳನ್ನು ಪರಿಷ್ಕರಿಸುತ್ತಾರೆ. 2023ರಲ್ಲಿ ಶೇ 12.12ರಷ್ಟು ಏರಿಸಲು ಅವಕಾಶ ಸಿಕ್ಕಿತ್ತು, 2025ರಲ್ಲಿ ಶೇ 1.74ರಷ್ಟು. ಪಟ್ಟಿಯ ಹೊರಗಿರುವ ಔಷಧಿಗಳ ಸ್ಥಿತಿ ಬೇರೆ. ಅವುಗಳ ಎಂಆರ್‌ಪಿಯನ್ನು ಕಂಪನಿಗಳು ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು. ಪ್ರತಿ ವರ್ಷ ಶೇ 10 ಏರಿಸಿದರೆ ಏಳು ವರ್ಷದಲ್ಲಿ ಬೆಲೆ ಹತ್ತಿರ ಹತ್ತಿರ ಎರಡು ಪಟ್ಟು ಆಗುತ್ತದೆ, ಅದೂ ಕಾನೂನಿನ ಒಳಗೇ.

ಎರಡು ಮೂರು ಔಷಧಿ ಸೇರಿಸಿದ ಕಾಂಬಿನೇಷನ್ ಮಾತ್ರೆಗಳಲ್ಲಿ ಬಹುಪಾಲು ಈ ಅಗತ್ಯ ಪಟ್ಟಿಯಲ್ಲಿ ಇಲ್ಲ. ಒಂದೇ ಮಾತ್ರೆ ನುಂಗಿದರೆ ಮರೆಯುವುದು ಕಡಿಮೆ ಅನ್ನುವ ಡಾಕ್ಟರ್ ಮಾತಿನಲ್ಲಿ ಸತ್ಯ ಇದೆ. ಆದರೆ ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ ಎರಡೂ ಬಿಡಿಬಿಡಿಯಾಗಿ ಪಟ್ಟಿಯಲ್ಲಿವೆ. ಬಿಡಿ ಮಾತ್ರೆಗಳ ಮೊತ್ತ ಮತ್ತು ಜೋಡಿ ಮಾತ್ರೆಯ ಬೆಲೆಯನ್ನು ಒಮ್ಮೆ ಹೋಲಿಸಿ, ವ್ಯತ್ಯಾಸ ಜಾಸ್ತಿ ಇದ್ದರೆ ಡಾಕ್ಟರನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಒಂದು ಮಾತ್ರೆಯನ್ನು ಹತ್ತಿರದಿಂದ ನೋಡೋಣ

ಎಂಪಾಗ್ಲಿಫ್ಲೋಜಿನ್ ಅನ್ನುವುದು ಶುಗರ್‌ಗೆ ಕೊಡುವ ಮಾತ್ರೆ. ಹೃದಯ ಮತ್ತು ಕಿಡ್ನಿಗೂ ಅನುಕೂಲ ಅಂತ ಡಾಕ್ಟರುಗಳು ಇದನ್ನು ಬರೆಯುತ್ತಾರೆ. 2025ರ ಮಾರ್ಚ್‌ವರೆಗೆ ಇದಕ್ಕೆ ಭಾರತದಲ್ಲಿ ಪೇಟೆಂಟ್ ಇತ್ತು. ಮೂಲ ಬ್ರ್ಯಾಂಡ್‌ನ ಒಂದು ಮಾತ್ರೆಗೆ ಸುಮಾರು 60 ರೂಪಾಯಿ. ಪೇಟೆಂಟ್ ಮುಗಿದ ಕೂಡಲೇ ಹತ್ತಾರು ಕಂಪನಿಗಳು ಅದೇ ಔಷಧಿಯನ್ನು ಮಾರುಕಟ್ಟೆಗೆ ತಂದವು. ಕೆಲವು ಕಂಪನಿಗಳ ಮಾತ್ರೆ 10 ರೂಪಾಯಿಗಿಂತ ಕಡಿಮೆಗೆ ಬಂತು.

ದಿನಕ್ಕೊಂದು ಮಾತ್ರೆ ಅಂದುಕೊಳ್ಳಿ. 60 ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ 1,800. 10 ರೂಪಾಯಿ ಲೆಕ್ಕದಲ್ಲಿ 300. ವರ್ಷಕ್ಕೆ 18,000 ರೂಪಾಯಿ ವ್ಯತ್ಯಾಸ. ಜಿಎಸ್‌ಟಿ ಇಳಿತದಿಂದ ಇದೇ ಮಾತ್ರೆಗೆ ಸಿಗುವ ಉಳಿತಾಯ ತಿಂಗಳಿಗೆ ನೂರಹದಿಮೂರು ರೂಪಾಯಿ ಆಸುಪಾಸು. ಯಾವುದು ದೊಡ್ಡ ಸುದ್ದಿ ಆಗಬೇಕಿತ್ತು ಅಂತ ಈ ಎರಡು ಅಂಕಿಗಳೇ ಹೇಳುತ್ತವೆ.

ಆದರೆ ಈ ಉಳಿತಾಯ ತಾನಾಗಿ ಬಂದು ಕೈ ಸೇರುವುದಿಲ್ಲ. ಎರಡು ವರ್ಷದ ಹಿಂದಿನ ಚೀಟಿಯನ್ನೇ ಹಿಡಿದು, ಅದೇ ಅಂಗಡಿಯಲ್ಲಿ, ಅದೇ ಬ್ರ್ಯಾಂಡ್ ಕೇಳುವವರಿಗೆ ಪೇಟೆಂಟ್ ಮುಗಿದದ್ದು ಗೊತ್ತೇ ಆಗುವುದಿಲ್ಲ.

ಬರೆಯುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು

ಔಷಧಿ ಮಾರುಕಟ್ಟೆಯ ಮೂಲ ಸಮಸ್ಯೆ ಇದು. ಅಕ್ಕಿ ಬೇಳೆ ಕೊಳ್ಳುವಾಗ ಆರಿಸುವವರೂ ನಾವೇ, ಹಣ ಕೊಡುವವರೂ ನಾವೇ. ಔಷಧಿಯಲ್ಲಿ ಆರಿಸುವವರು ಡಾಕ್ಟರ್. ಅವರ ಮುಂದೆ ಬೆಲೆಪಟ್ಟಿ ಇರುವುದಿಲ್ಲ, ಕಂಪನಿ ರೆಪ್ ಬಂದು ನೆನಪಿಸಿ ಹೋದ ಬ್ರ್ಯಾಂಡ್ ಹೆಸರು ಇರುತ್ತದೆ. ಹಣ ಕೊಡುವ ರೋಗಿಗೆ ಆ ಹೆಸರಿನ ಬದಲು ಬೇರೆ ಯಾವುದು ಬರುತ್ತದೆ ಅಂತ ಗೊತ್ತಿರುವುದಿಲ್ಲ.

ಇನ್ನು ಅಂಗಡಿಯವರು ಬದಲಿಸಿ ಕೊಡಬಹುದಲ್ವಾ? ಕಾನೂನಿನಂತೆ ಕೊಡುವ ಹಾಗಿಲ್ಲ. ಔಷಧ ನಿಯಮಗಳ 65ನೇ ನಿಯಮದ ಪ್ರಕಾರ, ಶೆಡ್ಯೂಲ್ ಎಚ್‌ನಂಥ ಪಟ್ಟಿಗಳಲ್ಲಿರುವ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಯನ್ನು ಚೀಟಿಯಲ್ಲಿ ಬರೆದಿದ್ದರೆ ಅದರ ಬದಲಿಗೆ ಬೇರೆ ತಯಾರಿಕೆ ಕೊಡುವಂತಿಲ್ಲ, ಒಳಗಿನ ಔಷಧಿ ಒಂದೇ ಆಗಿದ್ದರೂ ಕೊಡುವಂತಿಲ್ಲ. ಅಂದರೆ ಚೀಟಿಯ ಮೇಲೆ ಬ್ರ್ಯಾಂಡ್ ಹೆಸರು ಬಿದ್ದ ಕ್ಷಣವೇ ಬೆಲೆಯೂ ಬಿದ್ದ ಹಾಗೆ.

ಇದನ್ನು ಸರಿಮಾಡಲು 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ನಿಯಮ ತಂದಿತು. ಡಾಕ್ಟರುಗಳು ಜೆನೆರಿಕ್ ಹೆಸರಿನಲ್ಲೇ, ಅಂದರೆ ಬ್ರ್ಯಾಂಡ್ ಬದಲು ಒಳಗಿನ ಔಷಧಿಯ ಹೆಸರಿನಲ್ಲೇ ಬರೆಯಬೇಕು, ತಪ್ಪಿದರೆ ಶಿಸ್ತುಕ್ರಮ. ಭಾರತೀಯ ವೈದ್ಯಕೀಯ ಸಂಘ ಬಲವಾಗಿ ವಿರೋಧಿಸಿತು. ಅದೇ ತಿಂಗಳು ನಿಯಮವನ್ನು ತಡೆಹಿಡಿಯಲಾಯಿತು.

ಡಾಕ್ಟರುಗಳ ವಾದವನ್ನು ಸ್ವಾರ್ಥ ಅಂತ ತಳ್ಳಿಹಾಕುವುದು ಸರಿಯಲ್ಲ. ನಾವು ಬರೀ ಔಷಧಿಯ ಹೆಸರು ಬರೆದರೆ ಯಾವ ಕಂಪನಿಯದ್ದು ಕೊಡಬೇಕು ಅನ್ನುವ ತೀರ್ಮಾನ ಅಂಗಡಿಯವರ ಕೈಗೆ ಹೋಗುತ್ತದೆ, ಅವರು ತಮಗೆ ಜಾಸ್ತಿ ಲಾಭ ಇರುವುದನ್ನು ಕೊಡುತ್ತಾರೆ ಅನ್ನುವುದು ಅವರ ಮಾತು. ಇದರಲ್ಲಿ ಹುರುಳಿದೆ. ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ‘ಜೆನೆರಿಕ್’ ಅಂತ ಮಾರುವ ಕೆಲವು ಮಾತ್ರೆಗಳ ಎಂಆರ್‌ಪಿ, ಅಂಗಡಿಯವರು ಕೊಂಡ ಬೆಲೆಗಿಂತ ಹಲವು ಪಟ್ಟು ಇರುತ್ತದೆ. ತಯಾರಿಕೆ ಅಗ್ಗ, ಆದರೆ ಆ ಅಗ್ಗ ಗಿರಾಕಿಯ ತನಕ ಬರುವುದಿಲ್ಲ. ‘ಜೆನೆರಿಕ್ ಕೊಡಿ’ ಅಂತ ಕೇಳಿದರೆ ಸಾಲದು, ಸ್ಟ್ರಿಪ್ ಮೇಲಿನ ಬೆಲೆಯನ್ನು ಮಾತ್ರೆಯ ಸಂಖ್ಯೆಯಿಂದ ಭಾಗಿಸಿ ನೋಡಬೇಕು.

ಎರಡನೇ ವಾದ ಗುಣಮಟ್ಟದ್ದು. ಜೆನೆರಿಕ್ ಮಾತ್ರೆ ದೇಹದಲ್ಲಿ ಮೂಲ ಔಷಧಿಯಷ್ಟೇ ಕೆಲಸ ಮಾಡುತ್ತದೆ ಅಂತ ತೋರಿಸುವ ಪರೀಕ್ಷೆಯನ್ನು, ಸುಲಭವಾಗಿ ಕರಗದ ವರ್ಗದ ಔಷಧಿಗಳಿಗೆ ಲೈಸೆನ್ಸ್ ಕೊಡುವಾಗ ಕಡ್ಡಾಯ ಮಾಡಿದ್ದು 2017ರಲ್ಲಿ. ಅದಕ್ಕೂ ಮೊದಲು ಲೈಸೆನ್ಸ್ ಪಡೆದ ಎಷ್ಟೋ ಉತ್ಪನ್ನಗಳು ಮಾರುಕಟ್ಟೆಯಲ್ಲಿವೆ. ಗುಣಮಟ್ಟ ಇಲ್ಲದ ಬ್ಯಾಚುಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪ್ರಕಟಿಸುತ್ತದೆ. ಅದರಲ್ಲಿ ಹೆಸರಿಲ್ಲದ ಕಂಪನಿಗಳೂ ಇರುತ್ತವೆ, ಹೆಸರಾಂತ ಕಂಪನಿಗಳೂ ಇರುತ್ತವೆ. ಹಾಗಾಗಿ ಬೆಲೆ ಜಾಸ್ತಿ ಇದ್ದರೆ ಗುಣಮಟ್ಟ ಗ್ಯಾರಂಟಿ ಅಂತ ಹೇಳಲು ಆಧಾರ ಇಲ್ಲ. ತಪಾಸಣೆ ಬಿಗಿಯಾಗಬೇಕು ಅನ್ನುವುದಕ್ಕೆ ಮಾತ್ರ ಬೇಕಾದಷ್ಟು ಆಧಾರ ಇದೆ.

ಒಂದು ಎಚ್ಚರ ಇಲ್ಲಿ ಹೇಳಲೇಬೇಕು. ಮೂರ್ಛೆ ರೋಗ, ಥೈರಾಯ್ಡ್, ರಕ್ತ ತೆಳುವಾಗಿಸುವ ವಾರ್ಫರಿನ್, ಕಿಡ್ನಿ ಕಸಿಯ ನಂತರದ ಔಷಧಿ, ಇಂಥವುಗಳಲ್ಲಿ ಡೋಸ್ ಸ್ವಲ್ಪ ಹೆಚ್ಚುಕಡಿಮೆ ಆದರೂ ತೊಂದರೆ. ಇವುಗಳಲ್ಲಿ ತಿಂಗಳಿಗೊಂದು ಕಂಪನಿ ಬದಲಿಸಬಾರದು. ಅಗ್ಗದ್ದಕ್ಕೆ ಹೋಗುವುದಾದರೆ ಡಾಕ್ಟರಿಗೆ ಹೇಳಿ, ಒಮ್ಮೆ ಬದಲಿಸಿ, ರಕ್ತ ಪರೀಕ್ಷೆ ಮಾಡಿಸಿ, ಅದರಲ್ಲೇ ಉಳಿಯಬೇಕು.

ಜನೌಷಧಿ ಜಗಳದ ಎರಡು ಬದಿ

ಈಗ ಕರ್ನಾಟಕದ ಆದೇಶಕ್ಕೆ ಬರೋಣ. ಜನೌಷಧಿ ಯೋಜನೆ ಶುರುವಾದದ್ದು 2008ರಲ್ಲಿ. ಬಹಳ ವರ್ಷ ಕುಂಟುತ್ತಾ ಸಾಗಿ, ಕಳೆದ ಹತ್ತು ವರ್ಷದಲ್ಲಿ ವೇಗವಾಗಿ ಬೆಳೆಯಿತು. 2025ರಲ್ಲಿ ದೇಶದಲ್ಲಿ 15,000ಕ್ಕೂ ಹೆಚ್ಚು ಕೇಂದ್ರಗಳಿದ್ದವು. ಬ್ರ್ಯಾಂಡ್ ಔಷಧಿಗಿಂತ ಶೇ 50ರಿಂದ 80ರಷ್ಟು ಕಡಿಮೆ ಬೆಲೆ. ಡಬ್ಲ್ಯುಎಚ್‌ಒ–ಜಿಎಂಪಿ ಪ್ರಮಾಣಪತ್ರ (ಉತ್ತಮ ತಯಾರಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ) ಇರುವ ತಯಾರಕರಿಂದ ಕೊಂಡು, ಬ್ಯಾಚ್ ಬ್ಯಾಚ್ ಪರೀಕ್ಷೆ ಮಾಡಿಸಿ ಮಾರುವುದು ಪದ್ಧತಿ.

ರಾಜ್ಯ ಸರ್ಕಾರದ ನಿಲುವು ಹೀಗಿತ್ತು: ಸರ್ಕಾರಿ ಆಸ್ಪತ್ರೆಗೆ ಬರುವ ರೋಗಿಗೆ ಔಷಧಿ ಉಚಿತವಾಗಿ ಸಿಗಬೇಕು. ಅದೇ ಆವರಣದಲ್ಲಿ ಹಣಕ್ಕೆ ಔಷಧಿ ಮಾರುವ ಅಂಗಡಿ ಇದ್ದರೆ ಡಾಕ್ಟರುಗಳು ಅಲ್ಲಿಗೆ ಚೀಟಿ ಬರೆಯುವುದು ರೂಢಿಯಾಗುತ್ತದೆ. ಕೇಂದ್ರಗಳು ಆಸ್ಪತ್ರೆಯ ಹೊರಗೆ ನಡೆಯಲಿ. ಕೇಂದ್ರ ನಡೆಸುವವರು ಮತ್ತು ಬಿಜೆಪಿಯ ವಾದ ಬೇರೆ: ಆಸ್ಪತ್ರೆಯ ಸ್ಟಾಕ್‌ನಲ್ಲಿ ಎಲ್ಲ ಔಷಧಿ ಎಲ್ಲ ಕಾಲದಲ್ಲೂ ಇರುವುದಿಲ್ಲ. ಇಲ್ಲದಾಗ ಬಡವರು ಹೊರಗಿನ ಮೆಡಿಕಲ್‌ಗೆ ಹೋಗಿ ಪೂರ್ತಿ ಬೆಲೆ ಕೊಡಬೇಕು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು.

ಗೊಂದಲ ಆಗಿದ್ದು ಎಲ್ಲಿ ಅಂದರೆ, ಎಲ್ಲ ಜನೌಷಧಿ ಕೇಂದ್ರ ಮುಚ್ಚುತ್ತವೆ ಅಂತ ಜನ ಅಂದುಕೊಂಡರು. ಆದೇಶ ಇದ್ದದ್ದು ಸರ್ಕಾರಿ ಆಸ್ಪತ್ರೆಯ ಆವರಣದವುಗಳ ಬಗ್ಗೆ ಮಾತ್ರ. ರಾಜ್ಯದ ಬಹುಪಾಲು ಕೇಂದ್ರಗಳು ಪೇಟೆಯಲ್ಲಿ, ಬಡಾವಣೆಗಳಲ್ಲಿ ಇವೆ.

ಉಚಿತವಾಗಿ ಕೊಡುವುದೇ ಸರಿಯಾದ ಗುರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗುರಿ ನಿಲ್ಲುವುದು ಔಷಧಿ ಕೌಂಟರಿನ ಕಪಾಟಿನ ಮೇಲೆ. ತಿಂಗಳ ಮಾತ್ರೆಗೆ ಬಂದ ಅಜ್ಜಿಗೆ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಅಂದರೆ ಆ ವಾರದ ಮಾತ್ರೆಗೆ ಅವರು ಎಲ್ಲಿಗೆ ಹೋಗಬೇಕು? ಅಂಗಡಿ ಮುಚ್ಚಿಸುವ ಮೊದಲು ಈ ಪ್ರಶ್ನೆಗೆ ಉತ್ತರ ಸಿದ್ಧ ಇರಬೇಕಿತ್ತು.

ಉಳಿಸುವ ದಾರಿ ಎಲ್ಲಿದೆ?

ನೀತಿ ಬದಲಾಗುವ ತನಕ ಕಾಯದೆ ಮಾಡಬಹುದಾದದ್ದು ಬಹಳಷ್ಟಿದೆ, ಮತ್ತು ಅದು ಡಾಕ್ಟರ ಮೇಜಿನ ಮುಂದೆಯೇ ಶುರುವಾಗಬೇಕು. ಚೀಟಿ ಬರೆಯುವಾಗಲೇ ‘ಡಾಕ್ಟ್ರೇ, ಔಷಧಿ ಹೆಸರು ಬ್ರ್ಯಾಕೆಟ್‌ನಲ್ಲಿ ಬರೆದುಕೊಡ್ತೀರಾ? ಜನೌಷಧಿಯಲ್ಲಿ ಸಿಕ್ಕರೆ ಅಲ್ಲೇ ತಗೋಬಹುದಾ?’ ಅಂತ ಕೇಳಿದರೆ ಬಹಳ ಡಾಕ್ಟರುಗಳು ಬೇಡ ಅನ್ನುವುದಿಲ್ಲ. ಔಷಧಿಯ ಹೆಸರು ಚೀಟಿಯಲ್ಲಿದ್ದರೆ ಜನೌಷಧಿಯಲ್ಲಿ ಕೇಳುವುದೂ ಸುಲಭ.

ಮನೆಯಲ್ಲಿ ಈಗಿರುವ ಸ್ಟ್ರಿಪ್ ತಿರುಗಿಸಿ ನೋಡಿ. ದೊಡ್ಡ ಅಕ್ಷರದಲ್ಲಿ ಬ್ರ್ಯಾಂಡ್ ಹೆಸರು ಕಾಣುತ್ತದೆ, ಅದರ ಜೊತೆಗೇ ಔಷಧಿಯ ನಿಜವಾದ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಅಂತ ಇರುತ್ತದೆ. ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಆ ಹೆಸರು ಹಾಕಿದರೆ ಅಲ್ಲಿನ ಬೆಲೆ, ಹತ್ತಿರದ ಕೇಂದ್ರ ಎರಡೂ ಸಿಗುತ್ತವೆ. ಎನ್‌ಪಿಪಿಎಯ ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ಬೇರೆ ಬ್ರ್ಯಾಂಡ್‌ಗಳ ಬೆಲೆ ನೋಡಬಹುದು. ಹೋಲಿಸುವಾಗ ಹೆಸರು, ಮಿಲಿಗ್ರಾಂ ಮತ್ತು ಹೆಸರಿನ ಬಾಲದಲ್ಲಿರುವ ಎಸ್‌ಆರ್, ಎಕ್ಸ್‌ಆರ್, ಇಆರ್‌ನಂಥ ಅಕ್ಷರ, ಮೂರೂ ಹೊಂದಬೇಕು. ಆ ಅಕ್ಷರಗಳಿದ್ದರೆ ಮಾತ್ರೆ ನಿಧಾನವಾಗಿ ಕರಗುವಂಥದ್ದು. ಎರಡು ದಿನ ಬರಲಿ ಅಂತ ಅದನ್ನು ಮುರಿದು ನುಂಗಿದರೆ ಔಷಧಿ ಒಮ್ಮೆಲೇ ದೇಹಕ್ಕೆ ಇಳಿಯಬಹುದು, ಅಪಾಯ.

ಬಿಪಿ, ಶುಗರ್‌ನ ಸಾಮಾನ್ಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ರಾಜ್ಯ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಉಚಿತ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡಿ ಔಷಧಿ ಕೊಡುವ ವ್ಯವಸ್ಥೆ ಇದೆ. ಹೃದಯ, ಕ್ಯಾನ್ಸರ್ ಔಷಧಿಗಳಿಗೆ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿರುವ ‘ಅಮೃತ್’ ಔಷಧಿ ಮಳಿಗೆಗಳಲ್ಲಿ ರಿಯಾಯಿತಿ ಸಿಗುತ್ತದೆ. ವಿಮೆಯೇ ಇಲ್ಲದ 60 ದಾಟಿದ ಹಿರಿಯರ ವೈದ್ಯಕೀಯ ಖರ್ಚಿಗೆ, ಹಳೇ ತೆರಿಗೆ ಪದ್ಧತಿಯಲ್ಲಿರುವವರು ವರ್ಷಕ್ಕೆ 50,000 ರೂಪಾಯಿವರೆಗೆ ತೆರಿಗೆ ಲೆಕ್ಕದ ಆದಾಯದಿಂದ ಕಳೆದು ತೋರಿಸಬಹುದು. ಆದರೆ ನಗದು ಕೊಟ್ಟ ಬಿಲ್ ಇದಕ್ಕೆ ನಡೆಯುವುದಿಲ್ಲ, ಯುಪಿಐ ಅಥವಾ ಕಾರ್ಡ್‌ನಲ್ಲಿ ಕೊಟ್ಟಿರಬೇಕು.

ಮುಂದೆ ಏನಾಗಬಹುದು?

ತೂಕ ಮತ್ತು ಶುಗರ್‌ಗೆ ಕೊಡುವ ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ. ಎಂಪಾಗ್ಲಿಫ್ಲೋಜಿನ್‌ನಲ್ಲಿ ಆದಂತೆ ಇಲ್ಲೂ ಪೈಪೋಟಿಯಿಂದ ಬೆಲೆ ಇಳಿಯಲು ದಾರಿ ತೆರೆದುಕೊಳ್ಳುತ್ತದೆ. ಆದರೆ ಜೆನೆರಿಕ್ ಹೆಸರಿನ ನಿಯಮ ತಡೆಯಲ್ಲೇ ಇದ್ದು, ಅಂಗಡಿಯವರು ಬದಲಿಸಿ ಕೊಡುವಂತಿಲ್ಲ ಅನ್ನುವ ನಿಯಮವೂ ಹಾಗೇ ಇದ್ದರೆ, ಆ ಇಳಿತ ಸಿಗುವುದು ಕೇಳಿ ಚೀಟಿ ಬದಲಿಸಿಕೊಂಡವರಿಗೆ ಮಾತ್ರ. ಬದಲಿಸಲು ಅವಕಾಶ ಕೊಟ್ಟು ಅಂಗಡಿಯ ಲಾಭಕ್ಕೆ ಮಿತಿ ಹಾಕದಿದ್ದರೆ ಉಳಿತಾಯ ಅಂಗಡಿಯಲ್ಲೇ ನಿಲ್ಲುತ್ತದೆ. 2019ರಲ್ಲಿ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರ ಲಾಭಕ್ಕೆ ಶೇ 30ರ ಮಿತಿ ಹಾಕಿದ ಉದಾಹರಣೆ ನಮ್ಮ ಮುಂದೆಯೇ ಇದೆ. ಬದಲಿಸುವ ಅವಕಾಶ, ಲಾಭಕ್ಕೆ ಮಿತಿ, ಬಿಗಿ ತಪಾಸಣೆ, ಈ ಮೂರೂ ಒಟ್ಟಿಗೆ ಬಾರದೆ ಒಂದೊಂದಾಗಿ ಬಂದರೆ ಡಾಕ್ಟರುಗಳ ಆಕ್ಷೇಪವೂ ಉಳಿಯುತ್ತದೆ, ರೋಗಿಯ ಬಿಲ್ಲೂ ಹಾಗೇ ಉಳಿಯುತ್ತದೆ.